ಬಡಿಸಿದವನ ಎಲೆ

ಪ್ರೀತಿಯ ಪುಟ್ಟು,

ದೊಡ್ಡಪ್ಪನ ಆಶೀರ್ವಾದ. ಫೋನ್ ಮಾಡಿದರೆ "ಆರಾಮಾಗಿದ್ದೀನಿ ದೊಡ್ಡಪ್ಪ" ಅಂತ ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಅಕ್ಕನ ಮದುವೆಯಲ್ಲಿ ನೀನು ಓಡಾಡಿದ್ದನ್ನು ಎಲ್ಲರೂ ಹೊಗಳಿದರು. ಪಂಕ್ತಿಯಲ್ಲಿ ಬಡಿಸುವುದಕ್ಕೆ ನೀನೇ ಮುಂದು, ಬೀಗರನ್ನು ನಗಿಸುವುದಕ್ಕೂ ನೀನೇ. ಕೊನೆ ಪಂಕ್ತಿಗೆ ನನ್ನ ಪಕ್ಕ ಬಂದು ಕೂತೆಯಲ್ಲ, ಆಗ ನಿನ್ನ ಎಲೆ ನೋಡಿದೆ. ಹೋಳಿಗೆಯನ್ನು ನಾಲ್ಕು ಚೂರು ಮಾಡಿ, ಮೇಲೆ ಅನ್ನ ಎಳೆದು ಮುಚ್ಚಿ, ಎಲೆ ಮಡಚಿಬಿಟ್ಟೆ. ಹೋಳಿಗೆ ಕಂಡರೆ ಐದು ತಿನ್ನುತ್ತಿದ್ದ ಹುಡುಗ ನೀನು. ರಾತ್ರಿ ಮೂರೂವರೆಗೆ ನಾನು ಎದ್ದಾಗ ನೀನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಕೈಯಲ್ಲಿ ಮೊಬೈಲ್ ಕೂಡ ಇರಲಿಲ್ಲ. ಕೇಳಿದರೆ "ಸೆಕೆ" ಅಂದೆ. ಮಾಘದಲ್ಲಿ ಎಂಥ ಸೆಕೆ ಪುಟ್ಟು?

ನಾನು ಸುಮ್ಮನೆ ಹೋಗಿ ಮಲಗಿದೆ. ಅದು ತಪ್ಪು. ಪಕ್ಕದಲ್ಲಿ ಕೂರಬೇಕಿತ್ತು.

ನಿನ್ನ ದೊಡ್ಡಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ವಿಷಯ ಹೇಳುತ್ತೇನೆ. 2003ರಲ್ಲಿ ನನಗೂ ಹೀಗೇ ಆಗಿತ್ತು. ನಾನು ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡಿದ್ದೆ. ಎದೆ ಉರಿ, ಬೆನ್ನು ನೋವು, ತಲೆ ಭಾರ. ಇಸಿಜಿ ನಾರ್ಮಲ್. ಒಂದು ದೊಡ್ಡ ಆಸ್ಪತ್ರೆಯಲ್ಲಿ "ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಏನೂ ಇಲ್ಲ ಅಂದಿದ್ದಕ್ಕೇ ಭಯ ಜಾಸ್ತಿಯಾಯಿತು. ಸ್ಕೂಲಿನಲ್ಲಿ ಮಕ್ಕಳನ್ನು ನಗಿಸುತ್ತಿದ್ದೆ, ನಾಟಕ ಆಡಿಸಿ ಪ್ರೈಜೂ ತಂದೆ. ಮನೆಗೆ ಬಂದರೆ ಚಪ್ಪಲಿ ಬಿಚ್ಚುವುದಕ್ಕೂ ಆಗದೆ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರುತ್ತಿದ್ದೆ. ದೊಡ್ಡಮ್ಮ ಮಾತಾಡಿಸಿದರೆ ರೇಗುತ್ತಿದ್ದೆ. ಅಳು ಬರುತ್ತಿರಲಿಲ್ಲ, ಬರೀ ಸಿಟ್ಟು.

ಕಡೆಗೆ ಊರಿನ ಹಳೇ ಡಾಕ್ಟರೊಬ್ಬರು ಸ್ಟೆತಸ್ಕೋಪ್ ಕೆಳಗಿಟ್ಟು, "ಮೇಷ್ಟ್ರೇ, ಬೆಳಗಿನ ಜಾವ ಎಷ್ಟೊತ್ತಿಗೆ ಎಚ್ಚರ ಆಗುತ್ತೆ?" ಅಂತ ಕೇಳಿದರು. ಅಷ್ಟಕ್ಕೇ ನನಗೆ ಅಳು ಬಂತು. ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು. ಆ ಹೆಸರು ಕೇಳಿದರೆ ಊರಲ್ಲಿ "ತಲೆ ಕೆಟ್ಟಿದೆ" ಅನ್ನುತ್ತಿದ್ದ ಕಾಲ. ಕಣ್ಣು ತೋರಿಸೋಕೆ ಹೋಗುತ್ತೇನೆ ಅಂತ ಸುಳ್ಳು ಹೇಳಿ ಬಸ್ ಹತ್ತಿದೆ. ಅಲ್ಲಿ ನನ್ನ ಪಕ್ಕ ಬ್ಯಾಂಕಿನವರೊಬ್ಬರು, ಆಚೆ ಹಸುಗೂಸು ಎತ್ತಿಕೊಂಡ ತಾಯಿ. ನಾನು ಅಂದುಕೊಂಡ ಹಾಗೆ ಯಾರೂ ಕಿರುಚುತ್ತಿರಲಿಲ್ಲ.

ನನಗೆ ಆಗಿದ್ದು ಖಿನ್ನತೆ. ಆ ಪದ ಪೇಪರಿನಲ್ಲಿ ಮಾತ್ರ. ನಾವೆಲ್ಲ "ಯಾಕೋ ಬೇಜಾರು", "ಸಾಕಾಗಿದೆ" ಅಂತೀವಿ, ಅಲ್ವಾ? ಅದಕ್ಕೇ ಕಾಯಿಲೆ ಅಂತ ಗೊತ್ತೇ ಆಗುವುದಿಲ್ಲ. ಇಷ್ಟದ್ದು ರುಚಿಸದೆ, ನಿದ್ದೆ ಕೆಟ್ಟು, ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಮೊದಲು ರಕ್ತ ಪರೀಕ್ಷೆ ಮಾಡಿಸಬಹುದು, ಯಾಕೆಂದರೆ ಥೈರಾಯ್ಡ್ ಏರುಪೇರಾದರೂ ಹೀಗಾಗುತ್ತದೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಕೆಲವರಿಗೆ ಕೌನ್ಸೆಲಿಂಗೇ ಸಾಕು. ಮಾತ್ರೆ ಕೊಟ್ಟರೆ ಹಿಡಿಯುವುದಕ್ಕೆ ಎರಡು ಮೂರು ವಾರ ಬೇಕು. ನಾನು ಒಂದು ತಿಂಗಳಿಗೇ ಹುಷಾರಾದೆ ಅಂತ ನಿಲ್ಲಿಸಿ, ಮತ್ತೆ ಬಿದ್ದೆ. ಆ ಪೆದ್ದತನ ನಿನಗೆ ಬೇಡ. ಚೆನ್ನಾದ ಮೇಲೂ ಆರೇಳು ತಿಂಗಳಾದರೂ ತಗೋಬೇಕು, ಬಿಡುವುದಾದರೆ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ. ಸಾಯಬೇಕು ಅನಿಸಿದೆಯಾ? ಕೇಳಿದರೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅನಿಸಿದ್ದರೆ ಈ ಕಾಗದ ಮಡಚಿಟ್ಟು ಈಗಲೇ ನನಗೆ ಫೋನ್ ಮಾಡು, ಮಧ್ಯರಾತ್ರಿಯಾದರೂ ಸರಿ. ನನ್ನ ಹತ್ತಿರ ಆಗದಿದ್ದರೆ 14416ಕ್ಕೆ ಮಾಡು. ಟೆಲಿ ಮಾನಸ್ ಅಂತ, 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಬರುವ ಸೋಮವಾರ ತಿಪಟೂರಿನಿಂದ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ರಜೆ ಹಾಕು. ಡಾಕ್ಟರ ಹತ್ತಿರ ನೀನು ಒಳಗೆ ಹೋಗು, ನಾನು ಹೊರಗೆ ಬೆಂಚಿನ ಮೇಲೆ ಇರುತ್ತೇನೆ. ಯಾರಾದರೂ ಕೇಳಿದರೆ ದೊಡ್ಡಪ್ಪನ ಕಣ್ಣು ತೋರಿಸೋಕೆ ಹೋಗಿದ್ದೆ ಅನ್ನು.

ದೊಡ್ಡಮ್ಮ ಹೋಳಿಗೆ ಕಟ್ಟಿಕೊಡುತ್ತಾಳೆ. ತಿನ್ನಲೇಬೇಕು ಅಂತಿಲ್ಲ.

ನಿನ್ನ ದೊಡ್ಡಪ್ಪ