ಲಿಫ್ಟ್ ತಿರುಗುವ ಮುನ್ನ

ಬೆಟ್ಟದ ನೆತ್ತಿ ಬೆಳ್ಳಗಾದದ್ದೇ ತಡ, ನಮ್ಮ ಸ್ಕೀ ಕ್ಲಬ್ಬಿನ ಸದಸ್ಯರಲ್ಲಿ ಕೆಲವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ರೆಸಾರ್ಟ್ ತೆರೆಯಲು ಇನ್ನೂ ಎರಡು ವಾರ ಇದ್ದರೇನು, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲದಿದ್ದರೇನು, ಸ್ಕೀ ಹೆಗಲಿಗೇರಿಸಿ ನಡೆದೇ ಹತ್ತಿ ಇಳಿದು ಬರೋಣ ಎಂಬ ಮಾತು ಪ್ರತಿ ವರ್ಷ ಈ ಹೊತ್ತಿಗೆ ಕಿವಿಗೆ ಬೀಳುತ್ತದೆ. ಹೀಗೆನ್ನುವವರು ಹೊಸಬರಲ್ಲ, ಕಡಿದಾದ ಇಳಿಜಾರಿನಲ್ಲೂ ಸಲೀಸಾಗಿ ಇಳಿಯಬಲ್ಲವರು. ನನ್ನ ಆತಂಕವೂ ಅವರ ಬಗ್ಗೆಯೇ.

ಋತು ನಡೆಯುತ್ತಿರುವಾಗ ರೆಸಾರ್ಟಿನ ಇಳಿಜಾರು ತಾನಾಗಿಯೇ ಸುರಕ್ಷಿತವಾಗಿರುವುದಿಲ್ಲ. ರಾತ್ರಿ ಹಿಮ ಜೋರಾಗಿ ಬಿದ್ದಿದ್ದರೆ, ನಾವು ಬೂಟಿನ ಬಕಲ್ ಬಿಗಿಯುವ ಮೊದಲೇ ಇಳಿಜಾರು ಕಾಯುವ ಸ್ಕೀ ಪ್ಯಾಟ್ರೋಲ್‌ನವರು ಸ್ಫೋಟಕ ಹಿಡಿದು ಹೋಗಿ, ಕುಸಿಯಬಹುದಾದ ಹಿಮವನ್ನು ತಾವೇ ಕೆಡವಿರುತ್ತಾರೆ. ಬಂಡೆ ಇಣುಕುವಲ್ಲಿ ಬಿದಿರು ನೆಡುತ್ತಾರೆ, ಹಗ್ಗ ಕಟ್ಟುತ್ತಾರೆ. ದಿನವೂ ಜನ ಓಡಾಡಿ ಹಿಮ ಅದುಮಿಹೋಗಿರುತ್ತದೆ. ತೆರೆಯುವ ಮುನ್ನ ಇದ್ಯಾವುದೂ ಇಲ್ಲ. ಅದೇ ಲಿಫ್ಟ್ ಕಂಬ, ಅದೇ ಫಲಕ, ಕಳೆದ ಫೆಬ್ರವರಿಯಲ್ಲಿ ಇಳಿದ ಅದೇ ತಿರುವು. ಆದರೆ ಕಾಲ ಕೆಳಗಿರುವುದು ಯಾರೂ ಕಾಯದ ಬೆಟ್ಟ.

ಅದಕ್ಕಿಂತ ದೊಡ್ಡ ಕೇಡು ಆ ಹಿಮದ ಒಳಗೇ ಇದೆ. ಅಕ್ಟೋಬರಿನಲ್ಲಿ ತೆಳ್ಳಗೆ ಬಿದ್ದ ಹಿಮದ ಅಡಿಯ ನೆಲದಲ್ಲಿ ಬೇಸಿಗೆಯ ಬಿಸುಪು ಇನ್ನೂ ಆರಿರುವುದಿಲ್ಲ. ತಳದ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ಮೇಲ್ಮೈ ಮಾತ್ರ ಸೊನ್ನೆಗಿಂತ ತುಂಬಾ ಕೆಳಗಿಳಿಯುತ್ತದೆ. ಹತ್ತು ಸೆಂಟಿಮೀಟರ್ ದಪ್ಪಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂತೆಂದರೆ ಕೆಳಗಿನ ಆವಿ ಮೇಲಕ್ಕೆ ಸರಿಯುತ್ತದೆ. ಹರಳುಗಳ ನಡುವಿನ ಬೆಸುಗೆ ಬಿಟ್ಟುಹೋಗಿ, ಚೂಪು ಮೂಲೆಗಳ ಒರಟು ಕಾಳುಗಳು ಬೆಳೆಯುತ್ತವೆ. ಕೈಗವಸಿನಲ್ಲಿ ಹಿಡಿದು ಉಂಡೆ ಕಟ್ಟಲು ನೋಡಿ, ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಬಲ್ಲವರು ಇದನ್ನು ಡೆಪ್ತ್ ಹೋರ್ ಎನ್ನುತ್ತಾರೆ. ಇದರ ಮೇಲೆ ನವೆಂಬರಿನ ಬಿರುಗಾಳಿ ಒಂದು ಬಿಗಿ ಪದರವನ್ನು ಹೇರಿದರೆ, ಅದು ಕಳಚಲು ಒಬ್ಬರ ಭಾರ ಸಾಕು.

“ಇಷ್ಟೇ ಇಷ್ಟು ಹಿಮದಲ್ಲಿ ಕುಸಿಯುವುದೇನು ಬಂತು?” ಎಂದು ಕೇಳುವವರಿದ್ದಾರೆ. ಹಿಮ ಕಡಿಮೆ ಇರುವಾಗ ಸ್ಕೀ ಓಡುವಷ್ಟು ದಪ್ಪ ಎಲ್ಲಿ ಸಿಗುತ್ತದೆ ಹೇಳಿ? ಗಾಳಿ ಹೊತ್ತು ತಂದು ತುಂಬಿದ ಕೊರಕಲುಗಳಲ್ಲಿ, ನೆರಳಿನ ಮಗ್ಗುಲುಗಳಲ್ಲಿ. ಆ ಬಿಗಿ ಪದರ ಕೂತಿರುವುದೂ ಅಲ್ಲೇ. ಇಳಿಯಲು ಯೋಗ್ಯವೆಂದು ಕಣ್ಣಿಗೆ ಕಾಣುವ ಜಾಗವೇ ಬೆಟ್ಟದ ಅತಿ ಕೆಟ್ಟ ಜಾಗ.

2011ರ ನವೆಂಬರ್ 13ರಂದು ಅಮೆರಿಕದ ಯೂಟಾದ ಸ್ನೋಬರ್ಡ್ ಎಂಬ ರೆಸಾರ್ಟ್ ಇನ್ನೂ ತೆರೆದಿರಲಿಲ್ಲ. 2006ರಲ್ಲಿ 255 ಅಡಿ ಎತ್ತರದ ಬಂಡೆಯಿಂದ ಜಿಗಿದು ಹೆಸರು ಮಾಡಿದ್ದ ವೃತ್ತಿಪರ ಸ್ಕೀಪಟು ಜೇಮಿ ಪಿಯರ್ ಆ ದಿನ ಅಲ್ಲಿ ಸ್ನೋಬೋರ್ಡ್ ಮೇಲೆ ಇಳಿಯುತ್ತಿದ್ದರು. ಹಿಮ ಕಳಚಿ ಅವರನ್ನು ಬಂಡೆಗಳ ಮೇಲೆ ಎಳೆದೊಯ್ದಿತು. ಪ್ರಾಣ ತೆಗೆದದ್ದು ಆ ಪೆಟ್ಟುಗಳೇ. ಆಗ ಅವರಿಗೆ 38 ವರ್ಷ. ಋತುವಿನ ಆರಂಭದ ಹಿಮಕುಸಿತ ಹೀಗೆಯೇ: ಹೂತುಹಾಕುವಷ್ಟು ಹಿಮ ಇಲ್ಲದಿದ್ದರೂ ಕಲ್ಲು, ಕೊರಡುಗಳಿಗೆ ಅಪ್ಪಳಿಸಲು ಬೇಕಾದಷ್ಟು ಇರುತ್ತದೆ. ಹೂತವರ ಜಾಗ ತೋರಿಸುವ ಬೀಕನ್, ಚುಚ್ಚಿ ಹುಡುಕುವ ಕೋಲಾದ ಪ್ರೋಬ್, ಅಗೆಯುವ ಸಲಿಕೆ ಮೂರೂ ಇರಲೇಬೇಕು, ಒಪ್ಪಿದೆ. ಬಂಡೆಯ ಪೆಟ್ಟಿಗೆ ಅವು ಔಷಧವಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆ ಇದ್ದರೂ ಇವರ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಬುದ್ಧಿ ಧಾರಾಳವಾಗಿದೆ, ಅದಕ್ಕೆ ಬೇಕಾದ ಮಾಹಿತಿ ಆ ಹೊತ್ತಿಗೆ ಇರುವುದಿಲ್ಲ. ಹಿಮಕುಸಿತದ ಮುನ್ಸೂಚನೆ ಕೊಡುವ ಎಷ್ಟೋ ಕೇಂದ್ರಗಳು ಆಗಿನ್ನೂ ದಿನದ ವರದಿಯನ್ನೇ ಶುರುಮಾಡಿರುವುದಿಲ್ಲ.

ಇನ್ನೊಂದು ವಿಷಯ, ಯಂತ್ರಗಳು. ಕಡಿದಾದ ಜಾಗದಲ್ಲಿ ಹಿಮ ಹರಡುವ ಸ್ನೋಕ್ಯಾಟ್‌ಗಳನ್ನು ಮೇಲಿನಿಂದ ಉಕ್ಕಿನ ಹಗ್ಗದಲ್ಲಿ ಕಟ್ಟಿರುತ್ತಾರೆ. ನೂರಾರು ಮೀಟರ್ ಉದ್ದದ ಆ ಹಗ್ಗ ಹಿಮದಲ್ಲಿ ಮುಚ್ಚಿಹೋಗಿ, ಮರುಕ್ಷಣ ಬಿಗಿದು ಮೇಲೆ ಚಿಮ್ಮುತ್ತದೆ. ಕೆಲಸ ಮುಗಿಸಿ ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಹತ್ತುವವರಿಗೆ ಅದು ಕಾಣುವುದಿಲ್ಲ. ಕೆಲವು ರೆಸಾರ್ಟ್‌ಗಳು ಗೊತ್ತುಮಾಡಿದ ದಾರಿಯಲ್ಲಿ, ಗೊತ್ತುಮಾಡಿದ ಹೊತ್ತಿನಲ್ಲಿ ನಡೆದು ಹತ್ತಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಮುಚ್ಚಿದೆ ಎಂದು ಬರೆದಿದ್ದರೆ ಮುಚ್ಚಿದೆ, ಅಷ್ಟೇ.

ಹಾಗಾದರೆ ಸುಮ್ಮನೆ ಕೂರಬೇಕೇ? ಬೇಡ. ಬೇಗ ತೆರೆಯುವ ರೆಸಾರ್ಟಿಗೆ ಹೋಗಿ. ಅಮೆರಿಕದ ಕೊಲರಾಡೋದ ಅರಾಪಾಹೋ ಬೇಸಿನ್, ಲವ್‌ಲ್ಯಾಂಡ್, ಕೀಸ್ಟೋನ್‌ಗಳ ನಡುವೆ ಮೊದಲು ತೆರೆಯುವುದು ಯಾರೆಂಬ ಪೈಪೋಟಿ ಅಕ್ಟೋಬರಿನಲ್ಲೇ ನಡೆಯುತ್ತದೆ. ಅಲ್ಲಿ ಎತ್ತರವೂ ಇದೆ, ಒಣ ಗಾಳಿಯೂ ಇದೆ. ಹಿಮಯಂತ್ರ ಚಿಮ್ಮಿಸಿದ ಹನಿ ಒಣ ಗಾಳಿಯಲ್ಲಿ ಒಂದಿಷ್ಟು ಆವಿಯಾಗಿ ಇನ್ನಷ್ಟು ತಣ್ಣಗಾಗುವುದರಿಂದ, ಥರ್ಮಾಮೀಟರ್ ಸೊನ್ನೆಗಿಂತ ತುಸು ಮೇಲೆ ತೋರಿಸುತ್ತಿದ್ದರೂ ಹಿಮವಾಗಬಲ್ಲದು. ತೇವದ ಗಾಳಿಯಲ್ಲಿ ಮೈನಸ್ ಒಂದಿದ್ದರೂ ಬರುವುದು ಬರೀ ನೀರು. ಇಂಥ ಹಿಮ ಆಕಾಶದಿಂದ ಬಿದ್ದ ಹೊಸ ಹಿಮಕ್ಕಿಂತ ಹಲವು ಪಟ್ಟು ಸಾಂದ್ರ, ಆದ್ದರಿಂದ ಕಲ್ಲುಗಳನ್ನು ನಿಜಕ್ಕೂ ಮುಚ್ಚುತ್ತದೆ. ವರ್ಮಾಂಟ್‌ನ ಕಿಲ್ಲಿಂಗ್‌ಟನ್‌ನಲ್ಲಿ ಆರಂಭದಲ್ಲಿ ತುದಿಯ ಕೆಲವು ಇಳಿಜಾರುಗಳಷ್ಟೇ ತೆರೆದಿರುತ್ತವೆ. ಜನ ತಂತಿಯ ಮೇಲೆ ಸಾಗುವ ಗೊಂಡೋಲಾದಲ್ಲಿ ಹೋಗಿ, ಲೋಹದ ಮೆಟ್ಟಿಲುಗಳ ಮೇಲೆ ಬೂಟು ಟಕಟಕಿಸುತ್ತ ನಡೆದು, ಗೊಂಡೋಲಾದಲ್ಲೇ ವಾಪಸಾಗುತ್ತಾರೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್ ಹಿಮನದಿಗಂತೂ ಋತುವಿನ ಹಂಗೇ ಇಲ್ಲ.

ಬೇಗ ತೆರೆಯುವ ಇಂಥ ಕಡೆ ಎರಡೂ ಬದಿ ಕಂದು ಹುಲ್ಲು, ನಡುವೆ ಒಂದೇ ಒಂದು ಬಿಳಿ ಪಟ್ಟಿ, ಅದರ ಮೇಲೆ ಊರೆಲ್ಲ. ಅಮೆರಿಕದ ಸ್ಕೀಯರುಗಳು ಇದನ್ನು ‘ವೈಟ್ ರಿಬ್ಬನ್ ಆಫ್ ಡೆತ್’ ಎಂದು ಗೇಲಿ ಮಾಡುತ್ತಾರೆ. ಇಲ್ಲಿ ಭಯ ಪಡಬೇಕಾದದ್ದು ಹಿಂದಿನಿಂದ ಬಂದು ಗುದ್ದುವವರಿಗೆ. ಹಳೆಯ ಸ್ಕೀಯನ್ನೇ ಒಯ್ಯಿರಿ, ತಳ ಕೆತ್ತಿಹೋದರೂ ಹೊಟ್ಟೆ ಉರಿಯುವುದಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಹೋಗುವ ಮೊದಲು ಪರೀಕ್ಷೆ ಮಾಡಿಸಿ. ಬಿಚ್ಚಿಕೊಳ್ಳಬೇಕಾದಾಗ ಬಿಚ್ಚಿಕೊಳ್ಳದಿದ್ದರೆ ಮೊಣಕಾಲಿಗೆ ಕುತ್ತು.

ಮಕ್ಕಳನ್ನು ಮೊದಲ ಸಲ ಕರೆದೊಯ್ಯುವವರಿಗೆ ಮಾತ್ರ ಈ ವಾರಗಳು ಬೇಡವೇ ಬೇಡ. ತೆರೆದಿರುವ ಆ ಒಂದು ಇಳಿಜಾರು ಹೆಚ್ಚಾಗಿ ಕಲಿಯುವವರದ್ದಲ್ಲ. ಕಲಿಯುವವರನ್ನು ಮೇಲಕ್ಕೊಯ್ಯುವ ಬೆಲ್ಟ್ ಆದ ಮ್ಯಾಜಿಕ್ ಕಾರ್ಪೆಟ್ ಓಡಲು ಶುರುವಾದ ಮೇಲೆ ಪಾಠ ಗೊತ್ತುಮಾಡಿ. ಅಷ್ಟರಲ್ಲಿ ನಮ್ಮ ಹಳೆಯ ಹುಲಿಗಳೂ ಪಟ್ಟಿಯ ಮೇಲಿನ ಚಪಲ ತೀರಿಸಿಕೊಂಡು ಬೆಟ್ಟದ ಬೇರೆ ಮಗ್ಗುಲಿಗೆ ಹೋಗಿರುತ್ತಾರೆ.