ನಿಧಾನಗತಿಯ ಅಂತರ್ಜಾಲದಲ್ಲಿ ವಿಜ್ಞಾನ ಬೋಧನೆಗೆ ನಿಮ್ಮ ತಂತ್ರಾಂಶದಿಂದ ಆಗುತ್ತಿರುವ ಅಡಚಣೆ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ಪದವಿ ವಿದ್ಯಾರ್ಥಿಗಳಿಗೆ ನಿಮ್ಮ ಆನ್‌ಲೈನ್ ತರಗತಿ ತಂತ್ರಾಂಶದ ಮೂಲಕ ರಸಾಯನಶಾಸ್ತ್ರ ಬೋಧಿಸುತ್ತಿದ್ದೇನೆ. ಇತ್ತೀಚಿನ ಪರಿಷ್ಕೃತ ಆವೃತ್ತಿಯಲ್ಲಿ ‘ಧ್ವನಿ ಮಾತ್ರ’ ಎಂಬ ಆಯ್ಕೆಯನ್ನೂ ಪಾಠವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯವನ್ನೂ ನೀವು ತೆಗೆದುಹಾಕಿರುವುದರಿಂದ, ಮೊಬೈಲ್ ಡೇಟಾವನ್ನೇ ನೆಚ್ಚಿಕೊಂಡಿರುವ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ತರಗತಿಯಿಂದ ದೂರವಾಗುತ್ತಿದ್ದಾರೆ.

ಸೆಕೆಂಡಿಗೆ 1.5 ಮೆಗಾಬಿಟ್‌ನ ವಿಡಿಯೊ ಗಂಟೆಗೆ ಸುಮಾರು 675 ಎಂಬಿ ಡೇಟಾ ನುಂಗುತ್ತದೆ. 32 ಕಿಲೊಬಿಟ್‌ನ ಧ್ವನಿಗೆ ಅದೇ ಒಂದು ಗಂಟೆಗೆ 15 ಎಂಬಿಯೂ ಬೇಕಾಗುವುದಿಲ್ಲ. ಟಿಪ್ಪಣಿಗಳನ್ನು ಮೊದಲೇ ಕಳುಹಿಸಿ, ಧ್ವನಿಯಲ್ಲಿ ವಿವರಿಸುತ್ತ ಹೋಗುತ್ತಿದ್ದ ನನ್ನ ಪಾಠಕ್ರಮ ನಿಂತಿದ್ದುದೇ ಈ ವ್ಯತ್ಯಾಸದ ಮೇಲೆ.

ಇನ್ನು ವಿಡಿಯೊ ತೆರೆದುಕೊಂಡರೂ ಪ್ರಯೋಜನ ಅಷ್ಟಕ್ಕಷ್ಟೇ. ಸಂಪರ್ಕ ಕುಗ್ಗಿದೊಡನೆ ನಿಮ್ಮ ತಂತ್ರಾಂಶವು ಚಲನೆಯನ್ನು ಸರಾಗವಾಗಿ ಉಳಿಸಿಕೊಳ್ಳಲು ಚಿತ್ರದ ಸ್ಪಷ್ಟತೆಯನ್ನು ಬಲಿಕೊಡುತ್ತದೆ. ಹರಟೆಗೆ ಅದು ಸರಿಹೋದೀತು; ಆದರೆ ಬರೆದ ಹಲಗೆ ಅಲುಗಾಡುವುದಿಲ್ಲ, ಅದನ್ನು ಓದಲು ಆಗಬೇಕು, ಅಷ್ಟೆ. ಸಲ್ಫೈಟ್ ಅಯಾನಿನ ಸೂತ್ರದ ಮೇಲ್ತುದಿಯಲ್ಲಿರುವ ಋಣ ವಿದ್ಯುದಾವೇಶದ ಪುಟ್ಟ ಗುರುತು ಮಸುಕಾಗಿ ಅಳಿಸಿಹೋದರೆ, ವಿದ್ಯಾರ್ಥಿಯ ಪರದೆಯ ಮೇಲೆ ಉಳಿಯುವುದು SO₃, ಅಂದರೆ ಬೇರೆಯೇ ವಸ್ತುವಾದ ಸಲ್ಫರ್ ಟ್ರೈಆಕ್ಸೈಡ್‌ನ ಸೂತ್ರ. ಫಿನಾಲ್ಫ್ಥಲೀನ್ ಎಂಬ ಸೂಚಕ ಬಳಸುವ ಅನುಮಾಪನದಲ್ಲಿ (ಟೈಟ್ರೇಷನ್) ಅಂತ್ಯಬಿಂದುವನ್ನು, ಅಂದರೆ ದ್ರಾವಣ ಸೇರಿಸುವುದನ್ನು ನಿಲ್ಲಿಸಬೇಕಾದ ಹಂತವನ್ನು, ತಿಳಿಸುವ ತೆಳು ಗುಲಾಬಿ ಬಣ್ಣವಂತೂ ಎಷ್ಟೋ ಜನರಿಗೆ ಕಾಣಿಸುವುದೇ ಇಲ್ಲ.

ಪ್ರಯೋಗ ದಾಖಲೆಗಳ ಚಿತ್ರಗಳನ್ನು ಅಪ್‌ಲೋಡ್ ಮಾಡುವಾಗ ನಡುವೆ ಸಂಪರ್ಕ ಕಡಿದುಹೋದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿದ್ದು, ಡೇಟಾ ವ್ಯರ್ಥವಾಗುತ್ತಿದೆ. ಕಡತವನ್ನು ತುಣುಕುಗಳಾಗಿ ಕಳುಹಿಸಿ, ನಿಂತಲ್ಲಿಂದ ಮುಂದುವರಿಸುವ ತಂತ್ರವೇನೂ ಹೊಸದಲ್ಲ.

ಈ ಬಗ್ಗೆ ಹಿಂದೆ ಬರೆದಾಗ, ಹೆಚ್ಚಿನ ವೇಗದ ಸಂಪರ್ಕ ಬಳಸುವಂತೆ ವಿದ್ಯಾರ್ಥಿಗಳಿಗೆ ತಿಳಿಸಿ ಎಂಬ ಉತ್ತರ ನಿಮ್ಮ ಸಿಬ್ಬಂದಿಯಿಂದ ಬಂತು. ಅಂಥ ಸಂಪರ್ಕ ಅವರ ಕೈಗೆಟುಕುವಂತಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಆದ್ದರಿಂದ ತೆಗೆದುಹಾಕಿರುವ ಎರಡೂ ಸೌಲಭ್ಯಗಳನ್ನು ಕೂಡಲೇ ಮರಳಿ ನೀಡಬೇಕು; ಪರದೆ ಹಂಚಿಕೊಳ್ಳುವಾಗ ಚಲನೆಗಿಂತ ಸ್ಪಷ್ಟತೆಗೆ ಆದ್ಯತೆ ಕೊಡುವ ಆಯ್ಕೆಯನ್ನು ಬೋಧಕರ ಕೈಗೆ ಒಪ್ಪಿಸಬೇಕು; ಅಪ್‌ಲೋಡ್ ದೋಷವನ್ನು ಸರಿಪಡಿಸಬೇಕು. ಸಂಪರ್ಕ ಕಡಿದವರನ್ನು ಗೈರುಹಾಜರೆಂದು ತಾನಾಗಿಯೇ ದಾಖಲಿಸುವ ಕ್ರಮವನ್ನಂತೂ ಇಂದೇ ನಿಲ್ಲಿಸಬೇಕು, ಏಕೆಂದರೆ ಹಾಜರಾತಿ ಕೊರತೆಯಾದರೆ ಅವರು ಪರೀಕ್ಷೆಗೆ ಕೂರುವಂತಿಲ್ಲ. ಇವುಗಳಲ್ಲಿ ಯಾವುದನ್ನು ಯಾವ ದಿನಾಂಕದೊಳಗೆ ಮಾಡುವಿರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರ ಅಧ್ಯಾಪಕಿ