ಪಂಪು ತೊಳೆದ ನೀರಿಗೂ ಪಾಲಿಮರ್ ವಿಜ್ಞಾನಕ್ಕೂ ನಂಟಿದೆ

ಮಾನ್ಯ ಸಂಪಾದಕರೇ,

ಮೆಣಸಿನಕಾಯಿ, ಹತ್ತಿ ಬೆಳೆಯುವ ನಮ್ಮ ಹಾವೇರಿ ಕಡೆ ಬೆಳೆಗೆ ಕೀಟನಾಶಕ ಹೊಡೆದ ಮೇಲೆ ಪಂಪು ತೊಳೆಯುವುದು ಹಳ್ಳದಲ್ಲೋ ಬೋರ್‌ವೆಲ್ ಪಕ್ಕದಲ್ಲೋ. ಡಬ್ಬಿಯ ತಳದಲ್ಲಿ ಉಳಿದದ್ದೂ ಅಲ್ಲೇ ಹೋಗುತ್ತದೆ. ಆ ವಿಷ ಮುರಿಯಲು ಪಾಲಿಮರ್, ಅಂದರೆ ಪ್ಲಾಸ್ಟಿಕ್‌ನಲ್ಲಿರುವಂಥ ಉದ್ದ ಸರಪಳಿ ಅಣುಗಳ ವಿಜ್ಞಾನದಲ್ಲಿ ಒಂದು ದಾರಿ ಕಾಣುತ್ತಿದೆ.

ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಗುಂಪಿದೆ. ಇವನ್ನು ಒಡೆಯುವ ಕಿಣ್ವ (ಎಂಜೈಮ್) ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಲ್ಲೇ ಸಿಗುತ್ತದೆ. ಆದರೆ ಕಿಣ್ವ ಅಂದರೆ ಪ್ರೋಟೀನ್. ಜೀವಕೋಶದಿಂದ ಹೊರಗೆ ತಂದರೆ ಅದರ ಮಡಿಕೆ, ಅಂದರೆ ಸರಪಳಿ ಮಡಚಿಕೊಂಡು ಪಡೆದ ಆಕಾರ, ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಕೋಶದೊಳಗೆ ಅದನ್ನು ಕಾಯಲು ಬೇರೆ ಪ್ರೋಟೀನ್‌ಗಳಿರುತ್ತವೆ. ಆ ಕಾಯುವ ಕೆಲಸವನ್ನು ಕೃತಕ ಪಾಲಿಮರ್ ಕೂಡ ಮಾಡಬಲ್ಲದು ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಟಿಂಗ್ ಷು ಅವರ ತಂಡ 2018ರಲ್ಲಿ ತೋರಿಸಿತು.

ನನಗೆ ತುಂಬಾ ಹಿಡಿಸಿದ್ದು ಅವರು ಅದನ್ನು ಮಾಡಿದ ರೀತಿ. ಪ್ರೋಟೀನಿನಲ್ಲಿ 20 ಬಗೆಯ ಅಮೈನೋ ಆಮ್ಲಗಳು ಕಟ್ಟುನಿಟ್ಟಾದ ಸಾಲಿನಲ್ಲಿರುತ್ತವೆ. ಇವರು ಬರೀ ನಾಲ್ಕು ಮಾನೋಮರ್, ಅಂದರೆ ಪಾಲಿಮರ್ ಸರಪಳಿಯ ಕೊಂಡಿಗಳನ್ನು, ಆರಿಸಿಕೊಂಡರು. ಕೆಲವು ನೀರಿಗೆ ಒಗ್ಗುವಂಥವು, ಕೆಲವು ನೀರಿಗೆ ಆಗದಂಥವು, ಒಂದಕ್ಕೆ ವಿದ್ಯುತ್ ಚಾರ್ಜ್ ಇದೆ. ಅವುಗಳಲ್ಲೊಂದು ಮೀಥೈಲ್ ಮೆಥಾಕ್ರಿಲೇಟ್. ಅಂಗಡಿ ಬೋರ್ಡಿನ ಅಕ್ರಿಲಿಕ್ ಶೀಟ್ ಆಗುವುದೂ ಅದರಿಂದಲೇ. ಸಾಲು ಜೋಡಿಸುವ ಗೋಜಿಗೆ ಹೋಗದೆ, ಯಾವುದು ಎಷ್ಟಿರಬೇಕು ಎನ್ನುವುದನ್ನು ಮಾತ್ರ ಹದವಾಗಿ ಇಟ್ಟರು. ಗಿರಮಿಟ್ ಕಲಸಿದ ಹಾಗೆ. ಚುರಮುರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಯಾವುದರ ಪಕ್ಕ ಯಾವುದು ಬಂತೆಂದು ಯಾರೂ ನೋಡುವುದಿಲ್ಲ. ಆದರೆ ಯಾವ ಹಿಡಿ ತೆಗೆದರೂ ಎಲ್ಲವೂ ಇರುತ್ತದೆ. ಪ್ರೋಟೀನಿನ ಮೈಮೇಲೂ ಇಂಥದೇ ಬೇರೆ ಬೇರೆ ಗುಣದ ತೇಪೆಗಳಿವೆ. ಪಾಲಿಮರ್ ಸರಪಳಿ ತನಗೆ ಹೊಂದುವ ಕಡೆ ಅಂಟಿಕೊಂಡು ಮಡಿಕೆ ಬಿಚ್ಚದಂತೆ ನೋಡಿಕೊಳ್ಳುತ್ತದೆ.

ಕಿಣ್ವ, ಪಾಲಿಮರ್ ಎರಡನ್ನೂ ಸೇರಿಸಿ ಸಣ್ಣ ಎಳೆಗಳ ಚಾಪೆ ಮಾಡಿದರು. ಅದು ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಕೀಟನಾಶಕವನ್ನು ಕೆಲವೇ ನಿಮಿಷಗಳಲ್ಲಿ ಒಡೆಯಿತು. ಇದು ಲ್ಯಾಬಿನ ಮಾತು. ಅವರು ಬಳಸಿದ ಮೀಥೈಲ್ ಪ್ಯಾರಾಥಿಯಾನ್ ಎಂಬ ಕೀಟನಾಶಕ ಒಡೆದಾಗ ಬರುವ ನೈಟ್ರೋಫೀನಾಲ್ ಕೂಡ ಒಳ್ಳೆಯದಲ್ಲ, ಅದನ್ನೂ ತೆಗೆಯಬೇಕು. ಪಾಲಿಮರ್ ನೀರಿಗೆ ಸೋರಬಾರದು. ಹೊಲಕ್ಕೆ ಬರಲು ಬೇಕಾದಷ್ಟು ಕೆಲಸ ಬಾಕಿ ಇದೆ.

ಆ ಕೆಲಸ ಮಾಡಬಲ್ಲವರು ಧಾರವಾಡದಲ್ಲೇ ಇದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದ ಪಾಲಿಮರ್ ಸಂಶೋಧನೆಗೆ ಹಳೇ ಹೆಸರಿದೆ. ಕೃಷಿ ವಿಶ್ವವಿದ್ಯಾಲಯಕ್ಕೆ ನಮ್ಮ ಬೆಳೆ, ನಾವು ಹೊಡೆಯುವ ಔಷಧ ಎರಡೂ ಗೊತ್ತು. 2016ರಿಂದ ಐಐಟಿಯೂ ಇದೆ. ಒಂದೇ ಊರಿನ ಈ ಮೂವರು ಒಟ್ಟಿಗೆ ಕೂರಬಹುದು ಅಲ್ವಾ? ಸರ್ಕಾರ ದುಡ್ಡು ಕೊಡಲಿ. ಬ್ಯಾಡಗಿಯ ಒಂದು ಹೊಲದಲ್ಲಿ ಪಂಪು ತೊಳೆದ ನೀರಿನಿಂದಲೇ ಪರೀಕ್ಷೆ ಶುರುವಾಗಲಿ.

– ರಸಾಯನಶಾಸ್ತ್ರ ಉಪನ್ಯಾಸಕ, ಹಾವೇರಿ